ಒಡ್ಡಿನ ಖರ್ಚು: ಧಾರವಾಡದ ಎರೆಹೊಲಗಳಲ್ಲಿ ಮಣ್ಣುರಕ್ಷಣೆಯ ಸರಕಾರಿ ಹಣ

ಧಾರವಾಡ ಜಿಲ್ಲೆಯ ಪಡುವಣ ಅಂಚಿನ ಕಲಘಟಗಿ ಕಾಡು, ಕೆರೆ, ಭತ್ತದ ಗದ್ದೆಗಳ ಅರೆಮಲೆನಾಡಾದರೆ, ಮೂಡಣದ ಅಣ್ಣಿಗೇರಿ, ನವಲಗುಂದಗಳತ್ತ ಸಾಗಿದಂತೆ ಮಳೆ ಕಡಿಮೆಯಾಗಿ ಹೊಲಗಳು ಕಪ್ಪಾಗುತ್ತವೆ. ಹತ್ತಿ, ಹಿಂಗಾರಿ ಜೋಳ, ಕಡಲೆ ಬೆಳೆಯುವ ಈ ಎರೆಮಣ್ಣು ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಕೆನ್ನೀರಿನೊಡನೆ ಮಲಪ್ರಭೆಗೆ ಹರಿದುಹೋಗದಂತೆ ತಡೆಯುವ ಖರ್ಚು ಯಾರದು ಎಂಬ ಪ್ರಶ್ನೆಗೆ ಸರಕಾರಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಮೊದಲ ಉತ್ತರ ಸಾಲ. 1876-78ರ ಬರದ ಕೆಲವೇ ವರ್ಷಗಳ ಬಳಿಕ, 1883ರಲ್ಲಿ ಬಂದ ಭೂಸುಧಾರಣೆ ಸಾಲಗಳ ಕಾಯ್ದೆಯು ಬಾವಿ, ಕೆರೆಗಳ ಜೊತೆಗೆ ನೀರಿನ ಕೊರೆತದಿಂದ ಜಮೀನನ್ನು ಕಾಪಾಡುವ ಕೆಲಸವನ್ನೂ 'ಸುಧಾರಣೆ' ಎಂದು ಎಣಿಸಿ, ಅದಕ್ಕೆ ಖಜಾನೆಯಿಂದ ತಗಾವಿ, ಅಂದರೆ ಕಂತುಗಳಲ್ಲಿ ತೀರಿಸಬೇಕಾದ ಸರಕಾರಿ ಸಾಲ, ಕೊಡಲು ಅವಕಾಶ ಮಾಡಿತು. ಆದರೆ ಹರಿವ ನೀರಿಗೆ ಹೊಲದ ಬದು ಗಡಿಯಲ್ಲ. ಮೇಲಿನ ಹೊಲದವನು ಸುಮ್ಮನಿದ್ದರೆ ಕೆಳಗಿನವನು ಸಾಲ ತಂದು ಹಾಕಿದ ಒಡ್ಡು ಒಂದೇ ಮಳೆಗೆ ಕೊಚ್ಚಿಹೋಗಬಹುದು.

ಈ ತೊಡಕಿಗೆ ಪರಿಹಾರವಾಗಿ, ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1942ರ ಭೂಸುಧಾರಣಾ ಯೋಜನೆಗಳ ಕಾಯ್ದೆ ಬಂದಿತು. ಸೊಲ್ಲಾಪುರ, ವಿಜಾಪುರಗಳಲ್ಲಿ 1933ರ ಸುಮಾರಿಗೆ ಆರಂಭವಾದ ಒಣಬೇಸಾಯ ಸಂಶೋಧನೆ ಮಣ್ಣನ್ನೂ ತೇವವನ್ನೂ ಹಿಡಿದಿಡುವುದೇ ಮಳೆಯಾಶ್ರಿತ ಬೇಸಾಯದ ಮೊದಲ ಕೆಲಸವೆಂದು ತೋರಿಸಿದ್ದುದರಿಂದ, ಒಬ್ಬೊಬ್ಬರ ಹೊಲಕ್ಕೆ ಬದಲು ಇಡೀ ಇಳಿಜಾರಿಗೆ ಒಂದೇ ಯೋಜನೆ ಮಾಡಿ, ಸಮಪಾತಳಿ ಒಡ್ಡುಗಳನ್ನು (ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಗುಂಟ ಹಾಕಿದ ಮಣ್ಣಿನ ಏರಿಗಳನ್ನು) ಸರಕಾರವೇ ಹಾಕಿಸಿ, ಖರ್ಚನ್ನು ಜಮೀನುದಾರರಿಂದ ವಸೂಲು ಮಾಡುವ ಪದ್ಧತಿ ರೂಢಿಗೆ ಬಂದಿತು.

ಕಾಯ್ದೆಗೆ ಎಲ್ಲ ಮಣ್ಣೂ ಒಂದೇ, ಎರೆಗೆ ಹಾಗಲ್ಲ. ಬೇಸಿಗೆಯಲ್ಲಿ ಎರೆ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ಆ ಬಿರುಕು ಒಡ್ಡನ್ನೂ ಬಿಡುವುದಿಲ್ಲ. ಮೊದಲ ದೊಡ್ಡ ಮಳೆಯ ನೀರು ಅದರೊಳಗೆ ನುಗ್ಗಿ, ಮೇಲ್ನೋಟಕ್ಕೆ ಗಟ್ಟಿಯಾಗಿರುವ ಒಡ್ಡನ್ನು ಅಡಿಯಿಂದಲೇ ಕೊರೆದು ಒಡೆಯುತ್ತದೆ. ಒಡೆಯದಿದ್ದರೆ ಇನ್ನೊಂದು ಕಾಟ: ನೀರು ಬೇಗ ಇಂಗದೆ ಒಡ್ಡಿನ ಮಗ್ಗುಲಿಗೆ ನಿಂತು ಅಲ್ಲಿನ ಬೆಳೆ ಹಳದಿಯಾಗುತ್ತದೆ. ಹೆಚ್ಚಾದ ನೀರನ್ನು ಕಲ್ಲುಕಟ್ಟಡದ ಕೋಡಿಯಿಂದ ಹೊರಬಿಡುವ, ತುಸು ಇಳಿಜಾರಿನ ಒಡ್ಡುಗಳೇ ಇಲ್ಲಿಗೆ ಲೇಸೆಂಬುದು ತಜ್ಞರಿಗೂ ಅನುಭವದಿಂದಲೇ ತಿಳಿದ ಮಾತು. ಒಡೆದ ಒಡ್ಡಿಗೂ ಹಣ ಕಟ್ಟಬೇಕಾದವನು ಅದನ್ನು ಸರಕಾರದ ಒಡ್ಡು ಎಂದುಕೊಂಡರೆ ಅಚ್ಚರಿಯೇನಿಲ್ಲ.

ರಾಜ್ಯ ಪುನರ್ವಿಂಗಡಣೆಯ ನಂತರ 1961ರ ಭೂಸುಧಾರಣೆ (ಭೂ ಅಭಿವೃದ್ಧಿ) ಕಾಯ್ದೆ ಖರ್ಚಿನ ಈ ಹೊಣೆಯನ್ನು ಜಮೀನುದಾರನ ಮೇಲೆಯೇ ಮುಂದುವರಿಸಿತು. ಸುಧಾರಣೆಯ ಬೆಲೆಯನ್ನು ಜಮೀನುದಾರನೇ ತೆರಬೇಕೆಂಬ ತರ್ಕ ಕಟುವಾದ ಪರೀಕ್ಷೆಗೆ ಒಳಗಾದದ್ದು ಮಾತ್ರ ಒಡ್ಡಿನ ವಿಷಯದಲ್ಲಲ್ಲ, ಕಾಲುವೆಯ ವಿಷಯದಲ್ಲಿ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ವಿಧಿಸಿದ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನವಲಗುಂದ, ನರಗುಂದಗಳ ರೈತರು ಬಂಡೆದ್ದರು. ಜುಲೈ 21ರ ಗೋಲಿಬಾರಿನಲ್ಲಿ ಬಲಿಯಾದ ರೈತರಲ್ಲಿ ಬಸಪ್ಪ ಲಕ್ಕುಂಡಿಯವರೂ ಒಬ್ಬರು. ಆ ಬಳಿಕ ಸುಧಾರಣೆಯ ಖರ್ಚನ್ನು ಪೂರ್ತಿ ರೈತನ ತಲೆಗೆ ಕಟ್ಟುವ ಮಾತು ಈ ಭಾಗದಲ್ಲಿ ಯಾವ ಸರಕಾರಕ್ಕೂ ಸಲೀಸಾಗಲಿಲ್ಲ.

1995ರಿಂದ ಜಾರಿಗೆ ಬಂದ ಕೇಂದ್ರ ಮಾರ್ಗಸೂಚಿಗಳು, ಸುಮಾರು 500 ಹೆಕ್ಟೇರಿನ ಜಲಾನಯನವನ್ನು, ಅಂದರೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಹರಿದುಬರುವ ನೆಲವನ್ನು, ಅನುದಾನದ ಘಟಕವಾಗಿಸಿದವು. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಗೆ ಆಯ್ದ ಐದು ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಅಲ್ಲಿ ರೈತನಿಂದ ಮತ್ತೆ ಹಣ ಕೇಳಲಾಯಿತು, ಆದರೆ ಕರವಾಗಿ ಅಲ್ಲ, ಊರಿನ ಸಂಘದಲ್ಲಿ ಕುಳಿತು ಕೆಲಸ ಆರಿಸುವವನ ವಂತಿಗೆಯಾಗಿ. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆ ಒಡ್ಡಿನಿಂದ ಕೃಷಿಹೊಂಡದತ್ತ ಹೊರಳಿ, ಖರ್ಚಿನ ಬಹುಪಾಲನ್ನು ಸಬ್ಸಿಡಿಯಾಗಿ ಕೊಟ್ಟಿತು. ಕಲಘಟಗಿಯ ಕೆಂಪು ಮಣ್ಣಿನಲ್ಲಿ ಅಗೆದ ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕು. ಒಡ್ಡಿನ ಮಗ್ಗುಲಿಗೆ ನೀರು ನಿಲ್ಲಿಸಿ ಬೆಳೆ ಕೆಡಿಸುತ್ತಿದ್ದ ನವಲಗುಂದದ ಎರೆಯಾದರೋ ಹೊದಿಕೆಯಿಲ್ಲದೆಯೇ ಹೊಂಡದಲ್ಲಿ ನೀರು ಹಿಡಿದಿಡುತ್ತದೆ.