ಕಬಡ್ಡಿ: ಟಿವಿಯ ರೂಲ್ಸ್ ಒಂದು, ಊರ ಅಂಕಣದ್ದು ಇನ್ನೊಂದು

ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ ಯಾವುದೇ ಬರಲಿ, ತಾಲೂಕಿನ ಯಾವುದಾದರೂ ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇದ್ದೇ ಇರುತ್ತೆ. ಟ್ರೋಫಿಗೆ ಅಂಗಡಿಯವರು ದುಡ್ಡು ಕೊಟ್ಟಿರ್ತಾರೆ. ರಾತ್ರಿ ಹನ್ನೊಂದು ದಾಟಿದ ಮೇಲೆ ಅಂಪೈರ್ ಸುತ್ತ ಜನ ಸೇರಿ "ಟಿವಿಯಲ್ಲಿ ಹಿಂಗಿಲ್ಲ" ಅಂತ ಜಗಳಕ್ಕೆ ನಿಲ್ಲೋದೂ ಮಾಮೂಲಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಗ್ಯಾಲರಿಯಲ್ಲಿ ಕೂತವರೆಲ್ಲ ಅಂಪೈರ್‌ಗಳೇ.

ಮೊದಲು ತೂಕದ ವಿಷಯ. ಆಟ ಶುರುವಾಗೋ ಮುಂಚೆಯೇ ಹುಡುಗರು ಹೊರಗುಳಿಯೋದು ಇಲ್ಲೇ. ಅಮೆಚೂರ್ ಫೆಡರೇಷನ್ ನಿಯಮದಂತೆ ಸೀನಿಯರ್ ಪುರುಷರಿಗೆ 85 ಕೆ.ಜಿ., ಮಹಿಳೆಯರಿಗೆ 75 ಕೆ.ಜಿ. ಮಿತಿ. ಜೂನಿಯರ್ ಅಂದರೆ 20 ವರ್ಷದೊಳಗಿನವರು: ಹುಡುಗರಿಗೆ 70, ಹುಡುಗಿಯರಿಗೆ 65. ಸಬ್ ಜೂನಿಯರ್‌ಗೆ 16 ವರ್ಷ, ಇಬ್ಬರಿಗೂ 55 ಕೆ.ಜಿ. ಊರ ಪಂದ್ಯಾವಳಿಗಳಲ್ಲಿ ಈ ಲೆಕ್ಕ ನಡೆಯಲ್ಲ. ಕರಪತ್ರದಲ್ಲಿ "60 ಕೆ.ಜಿ. ವಿಭಾಗ" ಅಂತ ಇದ್ದರೆ ವಯಸ್ಸು ಎಷ್ಟೇ ಇರಲಿ, ಅಷ್ಟೇ ತೂಕ. ಹೀಗಾಗಿ ಅರ್ಧ ಕೆ.ಜಿ. ಜಾಸ್ತಿ ಇರೋ ಹುಡುಗ ಬೆಳಿಗ್ಗೆಯಿಂದ ಊಟ ಬಿಟ್ಟು, ನೀರೂ ಕುಡಿಯದೆ, ಸ್ವೆಟರ್ ಹಾಕಿಕೊಂಡು ಓಡ್ತಾನೆ. ಅದೇ ಮೈಯಲ್ಲಿ ರಾತ್ರಿ ಮೂರ್ನಾಲ್ಕು ಮ್ಯಾಚ್ ಆಡಿದರೆ ಕಾಲು ಸೆಳೆತ, ತಲೆಸುತ್ತು ಬರೋದರಲ್ಲಿ ಆಶ್ಚರ್ಯ ಏನಿಲ್ಲ. ತಂಡದ ಮ್ಯಾನೇಜರ್ ಮೊದಲೇ ತೂಕ ನೋಡಿ, ಹೆಚ್ಚಿದ್ದವನನ್ನು ಬಿಟ್ಟು ಬೇರೆಯವನನ್ನು ಬರೆಸೋದೇ ಸರಿ. ಇನ್ನೊಂದು ಮಾತು: ಕಿರಾಣಿ ಅಂಗಡಿಯಿಂದ ಮೂಟೆ ತೂಗೋ ಯಂತ್ರ ತಂದು ಮಣ್ಣಿನ ಮೇಲಿಟ್ಟರೆ ಅದು ನೆಟ್ಟಗೆ ತೋರಿಸಲ್ಲ. ಕೆಳಗೆ ಸಮನಾದ ಕಲ್ಲೋ ಹಲಗೆಯೋ ಬೇಕು.

ಅಂಕಣದ ಅಳತೆಯೂ ಎಲ್ಲರಿಗೂ ಒಂದೇ ಅಲ್ಲ. ಪುರುಷರಿಗೂ ಜೂನಿಯರ್ ಹುಡುಗರಿಗೂ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರಿಗೆ, ಜೂನಿಯರ್ ಹುಡುಗಿಯರಿಗೆ 12ಕ್ಕೆ 8. ಸಬ್ ಜೂನಿಯರ್‌ಗೆ 11ಕ್ಕೆ 8. ದೊಡ್ಡವರು 20 ನಿಮಿಷದ ಎರಡು ಅವಧಿ ಆಡ್ತಾರೆ, ಮಹಿಳೆಯರು ಮತ್ತು ಸಬ್ ಜೂನಿಯರ್ 15 ನಿಮಿಷದ್ದು. ಊರಲ್ಲಿ ಮೂವತ್ತು ತಂಡ ಬಂದುಬಿಟ್ಟರೆ ಈ ಟೈಮೂ ಇರಲ್ಲ, ಬೆಳಗಾಗೋದರೊಳಗೆ ಫೈನಲ್ ಮುಗಿಸಬೇಕಲ್ಲ! ಅವಧಿ ಕಡಿಮೆ ಮಾಡೋದು ತಪ್ಪಲ್ಲ, ಆದರೆ ಲೀಗ್‌ಗೂ ಸೆಮಿಫೈನಲ್‌ಗೂ ಎಷ್ಟೆಷ್ಟು ನಿಮಿಷ ಅಂತ ಮೊದಲ ಮ್ಯಾಚ್‌ಗೆ ಮುಂಚೆ ಮೈಕಲ್ಲಿ ಹೇಳಿಬಿಡಬೇಕು.

ಜಗಳ ಹೆಚ್ಚು ಬರೋದು ಬೋನಸ್‌ಗೆ. ಎದುರು ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್ ಉಂಟು. ಐದು ಮಂದಿ ಇದ್ದಾಗ ರೈಡರ್ ಗೆರೆ ದಾಟಿದರೂ ಪಾಯಿಂಟ್ ಇಲ್ಲ. ಒಂದು ಕಾಲು ಗೆರೆಯ ಆಚೆ ಬಿದ್ದಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಬೋನಸ್ ಸಿಕ್ಕಿತು ಅಂತ ಔಟಾದವನು ಒಳಗೆ ಬರೋ ಹಾಗಿಲ್ಲ. ಲಾಬಿಯದ್ದೂ ಇದೇ ಕಥೆ: ಮುಟ್ಟಾಟ ಆದ ಮೇಲಷ್ಟೇ ಅದು ಅಂಕಣದೊಳಗೆ ಸೇರುತ್ತೆ, ಅದಕ್ಕೂ ಮುಂಚೆ ಕಾಲಿಟ್ಟರೆ ಔಟ್.

ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಅಂಕಣದಲ್ಲಿ ಮೂವರು ಅಥವಾ ಕಡಿಮೆ ಮಂದಿ ಇದ್ದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಇವೆರಡನ್ನೂ ಜನಕ್ಕೆ ಹತ್ತಿಸಿದ್ದು ಪ್ರೊ ಕಬಡ್ಡಿ. ಎಲ್ಲ ಊರ ಪಂದ್ಯದಲ್ಲೂ ಇವು ಇರುತ್ತವೆ ಅಂದುಕೊಂಡು ಅಂಕಣಕ್ಕೆ ಇಳಿಯಬಾರದು. ಟಿವಿಯಲ್ಲಿದ್ದಂತೆ ರಿವ್ಯೂ ಕೇಳೋಕೆ ಊರ ಮೈದಾನದಲ್ಲಿ ಕ್ಯಾಮೆರಾ ಇರಲ್ಲ, ಮೊಬೈಲ್ ವಿಡಿಯೋ ತೋರಿಸಿದರೆ ಅಂಪೈರ್ ನೋಡಲೇಬೇಕು ಅಂತ ಏನೂ ಇಲ್ಲ. ಎಂಟ್ರಿ ಫೀಸ್ ಕಟ್ಟುವಾಗಲೇ ಡೂ ಆರ್ ಡೈ ಇದೆಯಾ, ಟೈ ಆದರೆ ಐದೈದು ರೈಡ್ ಕೊಡ್ತಾರಾ, ತೂಕ ಎಷ್ಟು ಗಂಟೆಗೆ ತೂಗ್ತಾರೆ, ಈ ಮೂರನ್ನು ಸಂಘಟಕರ ಹತ್ತಿರ ಕೇಳಿ ಬರೆದುಕೊಳ್ಳಿ.