ಜಂತೆ ಎಣಿಸುವ ಅಧಿಕಾರ: ನ್ಯಾಯಾಧೀಶರ ವೇತನ ಪರಿಷ್ಕರಣೆಯ ಚರಿತ್ರೆ

‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬುದು ಕನ್ನಡ ಜನಪದರ ಗಾದೆ. ಅನ್ನವಿತ್ತವರ ಲೋಪಗಳನ್ನು ಎತ್ತಿ ಆಡಬಾರದೆಂಬುದು ಇದರ ಆಶಯ. ಉಂಬಳಿ, ಮಾನ್ಯಗಳನ್ನು ಪಡೆದು ಊಳಿಗ ಮಾಡುತ್ತಿದ್ದ ಸಮಾಜಕ್ಕೆ ಈ ನೀತಿ ಸಹಜವಾದುದು. ನ್ಯಾಯಾಧೀಶರ ವೃತ್ತಿಧರ್ಮವಾದರೋ ಇದಕ್ಕೆ ವಿರುದ್ಧವಾದುದು. ಸರ್ಕಾರದ ಬೊಕ್ಕಸದಿಂದ ಸಂಬಳ ಪಡೆಯುವ ಅವರು, ಅದೇ ಸರ್ಕಾರ ಕಕ್ಷಿಯಾಗಿ ಎದುರು ನಿಂತಾಗ ಅದರ ಜಂತೆಗಳನ್ನು ಎಣಿಸಲೇಬೇಕು. ಭಾರತದಲ್ಲಿ ಉನ್ನತಾಧಿಕಾರಿಗಳ ಹಾಗೂ ನ್ಯಾಯಾಧೀಶರ ವೇತನದ ಚರಿತ್ರೆಯನ್ನು ಈ ವೈರುಧ್ಯದ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಹೆಚ್ಚಿನ ಸಂಬಳವೇ ಪ್ರಾಮಾಣಿಕತೆಗೆ ಆಧಾರವೆಂಬ ನೀತಿಯನ್ನು ವ್ಯವಸ್ಥಿತವಾಗಿ ಜಾರಿಗೆ ತಂದವನು 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸ್. ಕಲೆಕ್ಟರರ ಖಾಸಗಿ ವ್ಯಾಪಾರವನ್ನು ನಿಷೇಧಿಸಿ, ಅವರಿಗೆ ತಿಂಗಳಿಗೆ 1,500 ರೂಪಾಯಿ ಸಂಬಳವನ್ನೂ ವಸೂಲಾದ ಕಂದಾಯದ ಮೇಲೆ ಕಮಿಷನ್ನನ್ನೂ ಅವನು ಗೊತ್ತುಪಡಿಸಿದನು. ಆದರೆ ಈ ನೀತಿ ಯುರೋಪಿಯನ್ನರಿಗೆ ಸೀಮಿತವಾಗಿತ್ತು. ಉನ್ನತ ಹುದ್ದೆಗಳಿಂದ ಹೊರಗುಳಿದ ಭಾರತೀಯರ ಪಾಲಿಗೆ ಕಡಿಮೆ ಆದಾಯದ ಕೆಳಹುದ್ದೆಗಳಷ್ಟೇ ದಕ್ಕಿದವು.

ಈ ದುಬಾರಿ ಆಡಳಿತಕ್ಕೆ ಪ್ರತಿಕ್ರಿಯೆಯಾಗಿ ರಾಷ್ಟ್ರೀಯ ಚಳವಳಿ ಸರಳತೆಯ ಆದರ್ಶವನ್ನು ಮುಂದಿಟ್ಟಿತು. ಸರ್ಕಾರಿ ನೌಕರರ ವೇತನ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿ ಮೀರಬಾರದೆಂದು 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ನಿರ್ಣಯಿಸಿತು. 1950ರ ಸಂವಿಧಾನ ಆ ಮಿತಿಯನ್ನು ಒಪ್ಪಲಿಲ್ಲವಾದರೂ ಮೊತ್ತವನ್ನು ತಗ್ಗಿಸಿತು. ಫೆಡರಲ್ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗೆ 7,000 ರೂಪಾಯಿ ವೇತನವಿದ್ದರೆ, ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗೆ 5,000, ಇತರ ನ್ಯಾಯಮೂರ್ತಿಗಳಿಗೆ 4,000, ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಿಗೆ 3,500 ರೂಪಾಯಿ ನಿಗದಿಯಾಯಿತು. ಈ ವೇತನವನ್ನು ಶಾಸನಸಭೆಗಳ ಮತಕ್ಕೆ ಹಾಕದೆ ಸಂಚಿತ ನಿಧಿಯಿಂದ ನೇರವಾಗಿ ಭರಿಸುವ ವ್ಯವಸ್ಥೆಯಾಯಿತು. ಜಂತೆ ಎಣಿಸುವವರ ಅನ್ನಕ್ಕೆ ದೊರೆತ ರಕ್ಷಣೆಯಿದು.

ಸರ್ಕಾರ ಕೈಹಾಕದಂತೆ ತಡೆದ ಸಂವಿಧಾನ, ಬೆಲೆಯೇರಿಕೆಯನ್ನು ಮಾತ್ರ ತಡೆಯಲಾರದಾಯಿತು. ಸಂವಿಧಾನದಲ್ಲೇ ನಮೂದಾಗಿದ್ದ ಮೊತ್ತ 36 ವರ್ಷ ಕದಲಲಿಲ್ಲ. 54ನೆಯ ತಿದ್ದುಪಡಿಯ ಮೂಲಕ 1986ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ವೇತನ 8,000 ರೂಪಾಯಿಗೆ ಏರಿತು. ಮುಂದಿನ ಏರಿಕೆಗಳನ್ನು ಸಂಸತ್ತು ಕಾನೂನಿನ ಮೂಲಕ ಮಾಡಲು ಅವಕಾಶವಾಯಿತು. 2018ರ ಕಾನೂನಿನಂತೆ ಅದು 2,25,000 ರೂಪಾಯಿಯಾಯಿತು. ಏಳನೆಯ ವೇತನ ಆಯೋಗ ಕೇಂದ್ರ ಸರ್ಕಾರದ ಕಾರ್ಯದರ್ಶಿಗಳಿಗೆ ಶಿಫಾರಸು ಮಾಡಿದ ಮೊತ್ತವೂ ಇಷ್ಟೇ. ಕಾರ್ಯಾಂಗದ ಅಳತೆಗೋಲು ನ್ಯಾಯಾಂಗಕ್ಕೂ ಅನ್ವಯವಾದುದನ್ನು ಇದು ಸೂಚಿಸುತ್ತದೆ.

ಅಧೀನ ನ್ಯಾಯಾಲಯಗಳಿಗೆ ಸಂವಿಧಾನದ ಆ ರಕ್ಷಣೆಯೂ ಇರಲಿಲ್ಲ. ಅವರ ವೇತನ ರಾಜ್ಯ ಸರ್ಕಾರಗಳ ಇಚ್ಛೆಗೆ ಒಳಪಟ್ಟಿತ್ತು. ನ್ಯಾಯಾಧೀಶರು ಕಾರ್ಯಾಂಗದ ನೌಕರರಂತಲ್ಲವೆಂದು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಇದರ ಫಲವಾಗಿ 1996ರಲ್ಲಿ ರಚನೆಯಾದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗಕ್ಕೆ ಅಧ್ಯಕ್ಷರಾದವರು, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿ ಸರ್ವೋಚ್ಚ ನ್ಯಾಯಾಲಯಕ್ಕೇರಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. 1999ರಲ್ಲಿ ಸಲ್ಲಿಕೆಯಾದ ಅವರ ವರದಿಯ ವೇತನಶ್ರೇಣಿಗಳನ್ನು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಒಪ್ಪಿತು. ಕಿರಿಯ ಸಿವಿಲ್ ನ್ಯಾಯಾಧೀಶರ ಆರಂಭಿಕ ಮೂಲವೇತನ 9,000 ರೂಪಾಯಿಯಾಯಿತು. ಎರಡನೆಯ ಆಯೋಗದ ಶಿಫಾರಸನ್ನು 2022ರಲ್ಲಿ ಒಪ್ಪಿದಾಗ ಅದು 77,840 ರೂಪಾಯಿಗೆ ಏರಿತು.

ಬಡ ಕಕ್ಷಿದಾರ ಮೊದಲು ಕಾಣುವುದು ಈ ಕೆಳಹಂತದ ನ್ಯಾಯಪೀಠವನ್ನೇ. ಅಲ್ಲಿಗೆ ರಕ್ಷಣೆ ತಲುಪಲು ಸಂವಿಧಾನ ಜಾರಿಯಾಗಿ ಅರ್ಧ ಶತಮಾನವೇ ಕಳೆಯಬೇಕಾಯಿತು, ಅದೂ ನ್ಯಾಯಾಧೀಶರೇ ನ್ಯಾಯ ಕೇಳಿ ನಿಂತ ಮೇಲೆ. ಸಂಬಳ ಹೆಚ್ಚಿದ ಮಾತ್ರಕ್ಕೆ ನ್ಯಾಯನಿಷ್ಠೆ ಹುಟ್ಟುವುದಿಲ್ಲ; ಆದರೆ ಅನ್ನಕ್ಕಾಗಿ ಸರ್ಕಾರದ ಮುಖ ನೋಡಬೇಕಾದವರು ಅದರ ಜಂತೆ ಎಣಿಸುವುದು ಕಷ್ಟ.