ಮೆತ್ತಗಾದ ಸವಾರಿ, ನಡುಗುವ ಗಾಲಿ

ಆಸ್ಪತ್ರೆಯ ಪಡಸಾಲೆಯಲ್ಲಿ ರೋಗಿಯನ್ನು ಮಲಗಿಸಿ ತಳ್ಳಿಕೊಂಡು ಹೋಗುವ ಗಾಡಿಯನ್ನು ನೀವು ನೋಡಿರುತ್ತೀರಿ. ಅದರ ಪುಟ್ಟ ಗಾಲಿಗಳನ್ನು ಗಮನಿಸಿದ್ದೀರಾ? ಮೆಲ್ಲಗೆ ತಳ್ಳುವಾಗ ಅವು ಸಾಧುವಾಗಿ ಹಿಂಬಾಲಿಸುತ್ತವೆ. ವೇಗ ತುಸು ಹೆಚ್ಚಿತೆಂದರೆ ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ನೆಲ ನುಣುಪಾಗಿದೆ, ತಳ್ಳುವವರ ಕೈ ಅಲುಗುತ್ತಿಲ್ಲ. ಆದರೂ ಗಾಲಿ ಹೊಯ್ದಾಡುತ್ತದೆ. ವೇಗ ತಗ್ಗಿಸಿದರೆ ಮತ್ತೆ ಸುಮ್ಮನಾಗುತ್ತದೆ.

ಇದೇ ಆಟವನ್ನು ಮೂರು ಟನ್ ತೂಕದ ವಾಹನದ ಮುಂದಿನ ಗಾಲಿಗಳು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಆಡಿದರೆ? ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ಫೋರ್ಡ್ ಸೂಪರ್ ಡ್ಯೂಟಿ, ರ‍್ಯಾಮ್ ಮೊದಲಾದ ಭಾರೀ ಪಿಕಪ್ ಟ್ರಕ್ಕುಗಳ ಕೆಲವು ಚಾಲಕರಿಗೆ ಈ ಅನುಭವ ಆಗಿದೆ. ಇವು ನಮ್ಮ ಸಂತೆಗೆ ಟೊಮೆಟೊ ತರುವ ಸಣ್ಣ ಪಿಕಪ್‌ಗಳಂತಲ್ಲ; ಕುದುರೆಗಳನ್ನು ತುಂಬಿದ ಟ್ರೇಲರನ್ನೋ ದೋಣಿಯನ್ನೋ ಎಳೆದೊಯ್ಯಬಲ್ಲ ದೈತ್ಯಗಳು. ಸೇತುವೆಯ ಮೇಲಿನ ಕಬ್ಬಿಣದ ಸಂದನ್ನು ಒಂದು ಗಾಲಿ ದಾಟುತ್ತದೆ. ಮರುಕ್ಷಣ ಸ್ಟಿಯರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವಂತೆ ಅತ್ತಿತ್ತ ಬಡಿಯುತ್ತದೆ. ಮುಂಭಾಗವೇ ಕಳಚಿ ಬೀಳುತ್ತದೇನೋ ಎನ್ನುವಷ್ಟು ಇಡೀ ವಾಹನ ಅದುರುತ್ತದೆ. ಗಟ್ಟಿಯಾಗಿ ಹಿಡಿದರೆ ನಿಲ್ಲುವುದಿಲ್ಲ. ವೇಗ ಚೆನ್ನಾಗಿ ಇಳಿದ ಮೇಲೆಯೇ ನಿಲ್ಲುವುದು. ಅಲ್ಲಿನ ಚಾಲಕರು ಇದಕ್ಕೆ ಇಟ್ಟಿರುವ ಹೆಸರು ‘ಡೆತ್ ವಾಬಲ್’, ಅಂದರೆ ಸಾವಿನ ನಡುಕ.

ಎಂಜಿನಿಯರುಗಳು ಬಳಸುವ ಹೆಸರು ಬೇರೆ. ‘ಶಿಮ್ಮಿ’ ಎನ್ನುವುದು ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಜನಪ್ರಿಯವಾದ, ಭುಜ ಕುಣಿಸುವ ಒಂದು ನೃತ್ಯ. 1920ರ ದಶಕದಲ್ಲಿ ಕಾರುಗಳ ಮುಂಗಾಲಿಗಳೂ ಹಾಗೆಯೇ ಕುಣಿಯತೊಡಗಿದಾಗ ಆ ಹೆಸರೇ ಅಂಟಿಕೊಂಡಿತು. ಅಂದರೆ ಈ ಕಾಯಿಲೆಗೆ ಈಗ ಸುಮಾರು ನೂರು ವರ್ಷ. ಅದರ ಚರಿತ್ರೆಯನ್ನು ನೋಡಿದರೆ ಒಂದು ವಿಚಿತ್ರ ಸಂಗತಿ ಎದ್ದು ಕಾಣುತ್ತದೆ: ಸವಾರಿಯನ್ನು ಮೆತ್ತಗೆ ಮಾಡಲು ಹೊರಟಾಗಲೆಲ್ಲ ಈ ನಡುಕ ಮರಳಿ ಬಂದಿದೆ.

ನಮ್ಮ ಎತ್ತಿನ ಗಾಡಿಗೆ ಈ ತೊಂದರೆ ಇಲ್ಲ. ಅದರ ಗಾಲಿ ಅಚ್ಚಿನ ಮೇಲೆ ಉರುಳುತ್ತದೆ, ಅಷ್ಟೇ. ತಿರುಗಬೇಕಾದರೆ ಇಡೀ ಗಾಡಿಯೇ ತಿರುಗಬೇಕು. ನಾಲ್ಕು ಗಾಲಿಯ ಕುದುರೆ ಸಾರೋಟುಗಳಿಗಾಗಿ ಮ್ಯೂನಿಕ್‌ನ ಲಾಂಕೆನ್‌ಸ್ಪರ್ಗರ್ ಎಂಬ ಕುಶಲಕರ್ಮಿ ಮುಂದಿನ ಎರಡು ಗಾಲಿಗಳೂ ತಂತಮ್ಮ ಗೂಟದ ಮೇಲೆ ತಿರುಗುವ ಏರ್ಪಾಟು ಮಾಡಿದ. ಅದಕ್ಕೆ 1818ರಲ್ಲಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ ಪೇಟೆಂಟ್ ಪಡೆದ. ಆ ಗೂಟವೇ ಇಂದಿನ ಕಿಂಗ್ ಪಿನ್. ಎರಡು ಗಾಲಿಗಳನ್ನು ಜೋಡಿಸುವ ಅಡ್ಡ ಸರಳೇ ಟೈ ರಾಡ್. ಗಾಲಿಗೆ ತನ್ನ ಗೂಟದ ಮೇಲೆ ತಿರುಗುವ ಸ್ವಾತಂತ್ರ್ಯ ಸಿಕ್ಕಿತು. ನಡುಗುವ ಸ್ವಾತಂತ್ರ್ಯವೂ ಅದರ ಜೊತೆಗೇ ಬಂತು. ಕುದುರೆಯ ವೇಗದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ.

ಮೊದಲ ಕಾರುಗಳು ಸಾರೋಟಿನ ಅಚ್ಚನ್ನೇ ಉಳಿಸಿಕೊಂಡವು. ಮುಂದಿನ ಎರಡು ಗಾಲಿಗಳ ನಡುವೆ ಒಂದು ಗಟ್ಟಿ ಉಕ್ಕಿನ ತೊಲೆ, ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಬಿಲ್ಲಿನಂಥ ಸ್ಪ್ರಿಂಗು. ಟಯರುಗಳು ಸಪೂರ, ಗಾಳಿಯ ಒತ್ತಡ ಹೆಚ್ಚು, ಸವಾರಿ ಒರಟು. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ‘ಬಲೂನ್ ಟಯರ್’ ಎಂಬ ದಪ್ಪ, ಮೆತ್ತನೆಯ ಟಯರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿನ ಒತ್ತಡ ಹಳೆಯದರ ಅರ್ಧದಷ್ಟು. ಅದೇ ವರ್ಷಗಳಲ್ಲಿ ಮುಂಗಾಲಿಗಳಿಗೂ ಬ್ರೇಕು ಬಂತು. ಅಚ್ಚಿನ ತುದಿಗಳು ಭಾರವಾದವು. ಭಾರ ಹೆಚ್ಚಿದರೆ, ಬಿಗಿ ತಗ್ಗಿದರೆ ಯಾವುದೇ ವಸ್ತುವಿನ ಸಹಜ ಆವೃತ್ತಿ ಇಳಿಯುತ್ತದೆ. ಇದನ್ನು ನೀವು ತರಗತಿಯಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ತೋರಿಸಿರುತ್ತೀರಿ. ಅಚ್ಚಿನ ಸಹಜ ಆವೃತ್ತಿ ಹೀಗೆ ಇಳಿದಿಳಿದು, ಕಾರು ದಿನವೂ ಓಡುವ ವೇಗದ ವ್ಯಾಪ್ತಿಗೇ ಬಂದು ಕುಳಿತಿತು. ಮೆತ್ತನೆಯ ಸವಾರಿ ಕೊಂಡವರು ನಡುಕವನ್ನೂ ಕೊಂಡಂತಾಯಿತು.

ಆಗ ಬಹಳ ಮಂದಿ ಗಾಲಿಯ ತೂಕ ಒಂದೆಡೆ ಹೆಚ್ಚಾಗಿರುವುದೇ ಕಾರಣ ಎಂದು ಬಗೆದರು. ಅದು ಅರ್ಧ ಸತ್ಯ. ಗಾಲಿಯ ಅಸಮತೋಲ ನಡುಕವನ್ನು ಆರಂಭಿಸಬಲ್ಲದು. ಆದರೆ ಪೂರ್ಣ ಸಮತೋಲದ ಗಾಲಿಯೂ ನಡುಗುತ್ತದಲ್ಲ? ಆಸ್ಪತ್ರೆಯ ಗಾಡಿಯನ್ನು ಮತ್ತೆ ನೆನೆಯಿರಿ. ಇಲ್ಲಿ ಎರಡು ಬಗೆಯ ಕಂಪನಗಳನ್ನು ಬೇರೆಯಾಗಿ ನೋಡಬೇಕು. ಜೋಕಾಲಿಯನ್ನು ಯಾರೋ ಹದವರಿತು ತಳ್ಳುತ್ತಿದ್ದರೆ ಅದು ಹೊರಗಿನ ಪ್ರೇರಣೆಯ ಆಂದೋಲನ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆಂದು ಅರಚುವುದು ಹಾಗಲ್ಲ. ನಿಮ್ಮ ಕೈ ಒಂದೇ ಸಮನೆ ಚಲಿಸುತ್ತಿರುತ್ತದೆ. ಅದರಿಂದಲೇ ಶಕ್ತಿ ಕದ್ದು ಸೀಮೆಸುಣ್ಣ ತಾನಾಗಿ ಕಂಪಿಸುತ್ತದೆ. ಇದು ಸ್ವಪ್ರೇರಿತ ಆಂದೋಲನ. ಗಾಲಿಯ ನಡುಕ ಈ ಎರಡನೆಯ ಜಾತಿಯದು. ಅದಕ್ಕೆ ಶಕ್ತಿ ಒದಗಿಸುವುದು ಮುನ್ನುಗ್ಗುತ್ತಿರುವ ವಾಹನವೇ.

ಶಕ್ತಿ ಕದಿಯುವ ದಾರಿ ಯಾವುದು? ಎರಡು ದಾರಿಗಳಿವೆ. ಮೊದಲನೆಯದು ಟಯರಿನಲ್ಲಿದೆ. 1925ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೆ ಒಂದು ಮುಖ್ಯ ವಿಷಯ ಎತ್ತಿ ತೋರಿಸಿದ. ಗಾಳಿ ತುಂಬಿದ ಟಯರು ತಾನು ಮುಖ ಮಾಡಿದ ದಿಕ್ಕಿಗೇ ಉರುಳುವುದಿಲ್ಲ. ಪಕ್ಕದಿಂದ ಬಲ ಬಿದ್ದಾಗ ಸಣ್ಣ ಕೋನವೊಂದರಷ್ಟು ಓರೆಯಾಗಿ ಸಾಗುತ್ತದೆ. ಮುಂದಿನವರು ಕಂಡುಕೊಂಡದ್ದು ಇನ್ನೂ ಸೂಕ್ಷ್ಮವಾದದ್ದು. ಗಾಲಿಯನ್ನು ತಿರುಗಿಸಿದ ಕೂಡಲೇ ಪಕ್ಕಬಲ ಹುಟ್ಟುವುದಿಲ್ಲ. ಟಯರು ಒಂದಿಷ್ಟು ದೂರ ಉರುಳಿದ ಮೇಲೆಯೇ ಅದು ಪೂರ್ಣವಾಗಿ ಮೈದಾಳುವುದು. ಜೋಕಾಲಿಯನ್ನು ತಡೆಯಲು ಹೋದವನು ಒಂದು ಗಳಿಗೆ ತಡವಾಗಿ ಕೈಯಿಟ್ಟರೆ ಏನಾಗುತ್ತದೆ? ತಡೆಯುವುದರ ಬದಲು ತಳ್ಳಿಯೇ ಬಿಡುತ್ತಾನೆ. ಟಯರಿನದೂ ಅದೇ ಕಥೆ.

ಎರಡನೆಯ ದಾರಿಯನ್ನು ಸೈಕಲ್ ಗಾಲಿಯಿಂದ ತೋರಿಸಬಹುದು. ಅಚ್ಚಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಯಾರಿಂದಲಾದರೂ ಗಾಲಿಯನ್ನು ಜೋರಾಗಿ ತಿರುಗಿಸಿ. ಈಗ ಒಂದು ಕೈಯನ್ನು ಮೇಲೆತ್ತಿ, ಇನ್ನೊಂದನ್ನು ಇಳಿಸಿ. ಗಾಲಿ ನೀವು ಬಾಗಿಸಿದ ಕಡೆಗೆ ಬಾಗುವುದರ ಜೊತೆಗೆ ಎಡಕ್ಕೋ ಬಲಕ್ಕೋ ಹೊರಳಲು ಹವಣಿಸುತ್ತದೆ. ಇದು ಗೈರೊಸ್ಕೋಪಿನ ಗುಣ. ಕಾರಿನ ತೊಲೆಯ ಎಡತುದಿ ಗುಂಡಿಯಲ್ಲಿ ಇಳಿದು ಬಲತುದಿ ಮೇಲೆದ್ದಾಗ ಆಗುವುದೂ ಇದೇ. ತೊಲೆ ಒಂದೇ ಆದ್ದರಿಂದ ಎರಡೂ ಗಾಲಿಗಳು ಒಟ್ಟಿಗೆ ಬಾಗುತ್ತವೆ, ಒಟ್ಟಿಗೆ ಒಂದೇ ಕಡೆಗೆ ಹೊರಳುತ್ತವೆ. ಹೊರಳಿದ ಗಾಲಿ ಮತ್ತೆ ತೊಲೆಯನ್ನು ಬಾಗಿಸುತ್ತದೆ. ಕಿಂಗ್ ಪಿನ್ನಿನ ಸುತ್ತಲಿನ ಓಲಾಟವೂ ತೊಲೆಯ ಕುಣಿತವೂ ಹೀಗೆ ಒಂದಕ್ಕೊಂದು ಕೈಕೊಡುತ್ತವೆ.

ಇದರ ಬಲ ಎಷ್ಟಿರಬಹುದು? ಲೆಕ್ಕ ಹಾಕಿ ನೋಡೋಣ. ಭಾರೀ ಟ್ರಕ್ಕಿನ ಗಾಲಿ ಟಯರು ಸೇರಿ 40 ಕಿಲೋಗ್ರಾಂ ಎನ್ನಿ. ಆ ತೂಕ ಕೇಂದ್ರದಿಂದ ಸರಾಸರಿ 30 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಸುತ್ತಳತೆ 2.5 ಮೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಗಾಲಿ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಗಾಲಿಗಳ ನಡುವಿನ ಅಂತರ 1.7 ಮೀಟರ್ ಇದ್ದು, ಒಂದು ಗಾಲಿ ಒಂದು ಸೆಂಟಿಮೀಟರ್ ಏರುವಾಗ ಇನ್ನೊಂದು ಅಷ್ಟೇ ಇಳಿಯುತ್ತಾ ಸೆಕೆಂಡಿಗೆ 8 ಸಲ ಕುಣಿದರೆ, ಎರಡೂ ಗಾಲಿ ಸೇರಿ ಕಿಂಗ್ ಪಿನ್ನುಗಳ ಮೇಲೆ ಹಾಕುವ ತಿರುಚು 200 ನ್ಯೂಟನ್ ಮೀಟರಿಗೂ ಹೆಚ್ಚು. ಮೀಟರುದ್ದದ ಸಲಾಕೆಯ ತುದಿಗೆ 20 ಕಿಲೋಗ್ರಾಂ ತೂಗುಹಾಕಿ, ಸೆಕೆಂಡಿಗೆ 8 ಸಲ ಅತ್ತಿಂದಿತ್ತ ಎಸೆದಂತೆ! ಕೈಯಲ್ಲಿ ಹಿಡಿದು ನಿಲ್ಲಿಸಲು ಏಕಾಗದು ಎಂಬುದು ಈಗ ತಿಳಿಯಿತಲ್ಲವೆ? ಇನ್ನೊಂದನ್ನೂ ಗಮನಿಸಿ. ಗಾಲಿ ಸುತ್ತುವ ಆವೃತ್ತಿ 9, ತೊಲೆಯ ಕುಣಿತದ ಆವೃತ್ತಿ 8. ಇವೆರಡು ಹತ್ತಿರ ಬಂದಾಗ ಸಣ್ಣ ಅಸಮತೋಲವೂ ಕಿಡಿಯ ಕೆಲಸ ಮಾಡುತ್ತದೆ.

ತೊಲೆಯ ಕುಣಿತ ಮತ್ತು ಗಾಲಿಯ ನಡುಕಗಳನ್ನು ವಿಂಗಡಿಸಿ ಬರೆದವರಲ್ಲಿ ದಿಮಿತ್ರಿ ಸೆನ್‌ಸೋ ದ ಲಾವೋ ಒಬ್ಬ. 1927ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಅವನ ಟಿಪ್ಪಣಿಗಳು ಬಂದವು. ಈತ 1910ರಲ್ಲಿ ಬ್ರೆಜಿಲ್‌ನಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದವನು. ತಿರುಗುವ ಅಚ್ಚಿನಲ್ಲಿ ಕಬ್ಬಿಣದ ಕೊಳವೆ ಎರಕ ಹೊಯ್ಯುವ ವಿಧಾನಕ್ಕೂ ಇವನದೇ ಹೆಸರು. ತಿರುಗುವ ವಸ್ತುಗಳ ಮೇಲೆ ಅವನಿಗೆ ಅದೇನು ಮೋಹವೋ! ಮದ್ದೂ ಈ ವಿಂಗಡಣೆಯಲ್ಲೇ ಅಡಗಿತ್ತು: ಒಂದು ಗಾಲಿಯ ಬಾಗು ಇನ್ನೊಂದಕ್ಕೆ ಮುಟ್ಟದಂತೆ ತೊಲೆಯನ್ನೇ ತೆಗೆದುಹಾಕುವುದು.

ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸಿದ್ದು ಮಾರಿಸ್ ಓಲಿ. ರೋಲ್ಸ್ ರಾಯ್ಸ್‌ನಲ್ಲಿ ಪಳಗಿದ ಈ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸೇರಿದ. 1932ರಲ್ಲಿ ಅವನು ಒಂದು ವಿಚಿತ್ರ ಕಾರು ಮಾಡಿಸಿದ. ಅದರ ಮುಂದೆಯೂ ಹಿಂದೆಯೂ ತೂಕಗಳನ್ನು ಸರಿಸಬಹುದಾಗಿತ್ತು. ತೂಕ ಬದಲಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ, ತಾನೂ ಗೆಳೆಯರೂ ಕುಳಿತು ಸವಾರಿ ಮಾಡುತ್ತಾ, ಯಾವುದು ಹಿತ ಎಂದು ಕೇಳುತ್ತಾ ಹೋದ. ಹಿತವನ್ನು ಅಳೆಯುವ ಮಾಪಕ ಅವರ ಬಳಿ ಇರಲಿಲ್ಲ, ಮೈಯೇ ಮಾಪಕ. ಬಂದ ಉತ್ತರ ಅಂದಿನ ರೂಢಿಗೆ ವಿರುದ್ಧ: ಹಿಂದಿನ ಸ್ಪ್ರಿಂಗಿಗಿಂತ ಮುಂದಿನದು ಮೆತ್ತಗಿರಬೇಕು. ಆದರೆ ಗಟ್ಟಿ ತೊಲೆಯ ಮೇಲೆ ಮೆತ್ತನೆಯ ಸ್ಪ್ರಿಂಗ್ ಇಟ್ಟರೆ ಶಿಮ್ಮಿ ಕೆರಳುತ್ತದೆ. ಬೇರೆ ದಾರಿ ಇರಲಿಲ್ಲ. 1934ರ ಮಾದರಿಯ ಕಾರುಗಳಲ್ಲಿ ಜನರಲ್ ಮೋಟಾರ್ಸ್ ಪ್ರತಿ ಮುಂಗಾಲಿಗೂ ಬೇರೆ ಬೇರೆ ತೂಗು ವ್ಯವಸ್ಥೆ ಕೊಟ್ಟಿತು. ಯುರೋಪಿನಲ್ಲಿ ಲಾನ್ಸಿಯ ಲಾಂಬ್ಡ 1922ರಲ್ಲೇ ತೊಲೆಯನ್ನು ಬಿಟ್ಟಿತ್ತು ಎಂಬುದನ್ನೂ ಹೇಳಬೇಕು. ಮುಂದಿನ ದಶಕಗಳಲ್ಲಿ ಕಾರುಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಸಾಮಾನ್ಯ ಸವಾರರು ಶಿಮ್ಮಿಯನ್ನು ಮರೆತರು.

ವಿಮಾನದವರು ಮರೆಯುವಂತಿರಲಿಲ್ಲ. ಇಳಿಯುವಾಗ ಮೂಗಿನ ಗಾಲಿ ನಡುಗಿದರೆ ಕಾಲೇ ಮುರಿಯುತ್ತಿತ್ತು. ಟಯರನ್ನು ಎಳೆದು ಕಟ್ಟಿದ ತಂತಿಯಂತೆ ಭಾವಿಸಿ ಜರ್ಮನಿಯ ಫಾನ್ ಶ್ಲಿಪ್ಪೆ ಮತ್ತು ಡೀಟ್ರಿಕ್ 1941ರಲ್ಲಿ ಗಣಿತ ಕಟ್ಟಿದರು. 1966ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹಾನ್ಸ್ ಪಾಸೆಕಾ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದು, ಘರ್ಷಣೆಯಂಥ ರೇಖೀಯವಲ್ಲದ ಅಂಶಗಳನ್ನೂ ಲೆಕ್ಕಕ್ಕೆ ತಂದ. ಸಣ್ಣ ಕುಲುಕನ್ನು ಘರ್ಷಣೆ ನುಂಗಿಬಿಡುತ್ತದೆ. ಒಂದು ಮಿತಿಯನ್ನು ದಾಟಿದ ಕುಲುಕು ಮಾತ್ರ ಬೆಳೆದು ನಿಲ್ಲುತ್ತದೆ. ಟ್ರಕ್ಕು ನೂರು ಸೇತುವೆಗಳನ್ನು ಸುಮ್ಮನೆ ದಾಟಿ ನೂರೊಂದನೆಯದರಲ್ಲಿ ನಡುಗುವುದು ಏಕೆಂಬುದಕ್ಕೆ ಇಲ್ಲಿ ಉತ್ತರವಿದೆ.

ಹಾಗಾದರೆ ಭಾರೀ ಪಿಕಪ್‌ಗಳು ತೊಲೆಯನ್ನು ಏಕೆ ಬಿಡಲಿಲ್ಲ? ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹರಿಯಬೇಕು. ಮುಂದೆ ಹಿಮ ಗೋರುವ ಭಾರೀ ಹಲಗೆ ಕಟ್ಟಬೇಕು. ಅದಕ್ಕೆ ತೊಲೆ ಗಟ್ಟಿ, ಸರಳ, ಅಗ್ಗ. ಹೊರೆ ಏರಿಳಿದರೂ ಗಾಲಿಗಳ ನಿಲುವು ಕೆಡದು. ಪಟ್ಟಿ ಸ್ಪ್ರಿಂಗ್ ಇದ್ದಷ್ಟು ಕಾಲ ನಡುಕವೂ ಹದ್ದಿನಲ್ಲಿತ್ತು. ಆ ಪಟ್ಟಿಗಳೇ ತೊಲೆ ಅಡ್ಡಕ್ಕೆ ಜರುಗದಂತೆ ಹಿಡಿಯುತ್ತವೆ. ಒಂದಕ್ಕೊಂದು ಉಜ್ಜಿ ಅವಮಂದನ ಒದಗಿಸುತ್ತವೆ. ಒರಟು ಸವಾರಿಯ ಗುಟ್ಟೂ ಆ ಉಜ್ಜುವಿಕೆಯೇ. ಆಮೇಲೆ ಕೊಳ್ಳುವವರು ಟ್ರಕ್ಕಿನಲ್ಲೂ ಕಾರಿನ ಸುಖ ಬಯಸಿದರು. ನಾಲ್ಕು ಗಾಲಿ ಚಾಲನೆಯ ರ‍್ಯಾಮ್ 1994ರ ಮಾದರಿಯಲ್ಲಿ, ಫೋರ್ಡ್ ಸೂಪರ್ ಡ್ಯೂಟಿ 2005ರ ಮಾದರಿಯಲ್ಲಿ ಮುಂದಿನ ತೊಲೆಗೆ ಸುರುಳಿ ಸ್ಪ್ರಿಂಗ್ ತಂದವು. ಸುರುಳಿಗೆ ಅಡ್ಡ ಬಲ ತಡೆಯುವ ಶಕ್ತಿ ಕಡಿಮೆ, ಉಜ್ಜುವಿಕೆಯಂತೂ ಇಲ್ಲ. ತೊಲೆಯನ್ನು ಚೌಕಟ್ಟಿಗೆ ಅಡ್ಡವಾಗಿ ಕಟ್ಟಲು ಟ್ರ್ಯಾಕ್ ಬಾರ್ ಎಂಬ ಒಂದೇ ಸರಳನ್ನು ನಂಬಬೇಕಾಯಿತು. ಅದರ ಬೋಲ್ಟಿನ ತೂತು ಕೂದಲೆಳೆಯಷ್ಟು ಸವೆದರೂ ಸಾಕು, ಇಡೀ ತೊಲೆ ಅಡ್ಡಕ್ಕೆ ಆಡತೊಡಗುತ್ತದೆ. 1923ರ ಕಥೆ ಹೊಸ ವೇಷದಲ್ಲಿ ಬಂದಿತ್ತು.

2019ರಲ್ಲಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2005ರಿಂದ 2019ರವರೆಗಿನ ಮಾದರಿಯ ಎಫ್-250, ಎಫ್-350 ಟ್ರಕ್ಕುಗಳ ಕೆಲವು ಮಾಲೀಕರು ಕ್ಯಾಲಿಫೋರ್ನಿಯದಲ್ಲಿ ಫೋರ್ಡ್ ಮೇಲೆ ದಾವೆ ಹೂಡಿದರು. ಅದೇ ವರ್ಷ ಜೀಪ್ ರ‍್ಯಾಂಗ್ಲರ್ ಕುರಿತೂ ದಾವೆ ಬಂತು. ಗಟ್ಟಿ ತೊಲೆಯಿರುವ ಯಾವ ವಾಹನದಲ್ಲೂ ಇಂಥ ಕಂಪನ ಸಾಧ್ಯ ಎಂಬುದು ಅದರ ತಯಾರಕರ ನಿಲುವು. ಅವರು ಹೊಸ ಬಗೆಯ ಸ್ಟಿಯರಿಂಗ್ ಡ್ಯಾಂಪರನ್ನು ಹಾಕಿಕೊಡಲು ಮುಂದಾದರು. ಡ್ಯಾಂಪರ್ ಎಂದರೆ ಎಣ್ಣೆ ತುಂಬಿದ ಕೊಳವೆ. ಕಂಪನದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಭೌತಶಾಸ್ತ್ರದ ಪ್ರಕಾರ ಇದು ಸರಿಯಾದ ಉಪಾಯವೇ. ಆದರೆ ನನ್ನ ದೃಷ್ಟಿಯಲ್ಲಿ ಒಂದು ಅಪಾಯವಿದೆ. ಕೀಲು ಸವೆದ ಟ್ರಕ್ಕಿಗೆ ಹೊಸ ಡ್ಯಾಂಪರ್ ಹಾಕಿದರೆ ನಡುಕ ಕಾಣದಾಗುತ್ತದೆ, ಸವೆತ ಉಳಿಯುತ್ತದೆ. ಡ್ಯಾಂಪರಿನ ಎಣ್ಣೆ ಸೋರಿದ ದಿನ, ಮೊದಲಿಗಿಂತ ಹೆಚ್ಚು ಸವೆದ ಕೀಲುಗಳೊಂದಿಗೆ ನಡುಕ ಹಿಂತಿರುಗುತ್ತದೆ. ಜ್ವರಕ್ಕೆ ಮಾತ್ರೆ ನುಂಗಿ ಸೋಂಕನ್ನು ಬಿಟ್ಟಂತೆ.

ನಮ್ಮಲ್ಲೂ ಲಾರಿಗಳ ಮುಂದೆ ಇರುವುದು ತೊಲೆಯೇ. ಮಲೆನಾಡಿನ ತೋಟಗಳಲ್ಲಿ ಇನ್ನೂ ಓಡುವ ಹಳೆಯ ಜೀಪುಗಳಲ್ಲೂ ಅಷ್ಟೆ. ಅವುಗಳಲ್ಲಿ ಪಟ್ಟಿ ಸ್ಪ್ರಿಂಗ್ ಇರುವುದು ನಮ್ಮ ಬೆನ್ನಿಗೆ ಕಷ್ಟ, ಗಾಲಿಗೆ ಕ್ಷೇಮ. ನಡುಕ ಶುರುವಾದರೆ ಚಾಲಕ ಮಾಡಬೇಕಾದ್ದು ಇಷ್ಟೇ: ಸ್ಟಿಯರಿಂಗನ್ನು ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಒಮ್ಮೆಗೇ ಬ್ರೇಕು ಒತ್ತದೆ ವೇಗ ಇಳಿಸುವುದು. ಆಮೇಲಿನ ಪರೀಕ್ಷೆಗೆ ಇಬ್ಬರು ಸಾಕು, ಯಂತ್ರ ಬೇಡ. ಗಾಡಿ ನೆಲದ ಮೇಲೆಯೇ ನಿಂತಿರಲಿ, ಕೈಬ್ರೇಕು ಎಳೆದಿರಲಿ, ಗಾಲಿಗಳಿಗೆ ಕಲ್ಲು ಕೊಟ್ಟಿರಲಿ. ಒಬ್ಬರು ಒಳಗೆ ಕುಳಿತು ಸ್ಟಿಯರಿಂಗನ್ನು ಗೇಣಷ್ಟು ಎಡಕ್ಕೂ ಬಲಕ್ಕೂ ಆಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಬಗ್ಗಿ ಟೈ ರಾಡಿನ ತುದಿ, ಕಿಂಗ್ ಪಿನ್, ಟ್ರ್ಯಾಕ್ ಬಾರ್ ಇದ್ದರೆ ಅದರ ಎರಡು ಬೋಲ್ಟು, ಹೀಗೆ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಕೀಲಿನ ಒಂದು ಬದಿ ಚಲಿಸಿದ ಮೇಲೆ ಇನ್ನೊಂದು ಬದಿ ತಡವಾಗಿ ಚಲಿಸಿದರೆ ಆ ತಡ ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ.